ಮನೆಯ ಮಾತನ್ನು ಕೇಳುವವರು

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯೇನೂ ಸುಳ್ಳಲ್ಲ. ಒಂದೇ ಸೂರಿನ ಕೆಳಗೆ ಬಾಳುವ ಇಬ್ಬರಲ್ಲಿ ಸಾರಿನ ಉಪ್ಪಿಗೋ, ಮಕ್ಕಳ ಶಾಲೆಯ ಹಣಕ್ಕೋ, ತವರಿನ ಹಬ್ಬಕ್ಕೋ ಮಾತಿಗೆ ಮಾತು ಬೆಳೆದು, ರಾತ್ರಿಯ ಊಟದ ವೇಳೆಗೆ ತಾನಾಗಿಯೇ ತಣಿಯುವ ಕಲಹಗಳೇ ಬಹುಪಾಲು. ಅಂಥವುಗಳ ನಡುವೆ ಮೂರನೆಯವರು ಬಾಯಿ ಹಾಕುವುದು ಅವಿವೇಕವೇ ಸರಿ. ಆದರೆ ಉಂಡು ಮಲಗಿದ ಮೇಲೂ ಆರದ ಜಗಳಗಳುಂಟು; ಉಣ್ಣಲಿಕ್ಕೇ ಬಿಡದ ಜಗಳಗಳುಂಟು; ಮಲಗಿದವರನ್ನು ಎಬ್ಬಿಸಿ ಹೊಡೆಯುವ ಜಗಳಗಳೂ ಉಂಟು. ಅವುಗಳಿಗೂ ಅದೇ ಗಾದೆಯನ್ನು ಹೇಳಿ ಸುಮ್ಮನಾಗುವ ಅಭ್ಯಾಸವು ನಮ್ಮಲ್ಲಿ ಬೇರೂರಿರುವುದು.

ಈ ಅಂಕಣದ ವಾಚಕರೊಬ್ಬರು ನನಗೆ ಒಂದು ಪತ್ರವನ್ನು ಬರೆದಿರುವರು. ಅವರ ಮಗಳ ಸಂಸಾರವು ಸುಖವಾಗಿಲ್ಲ. ಪೇಟೆಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯವರು ಕುಟುಂಬ ಸಲಹಾ ಕೇಂದ್ರವನ್ನು ನಡೆಸುತ್ತಿದ್ದು, ಅಲ್ಲಿಗೆ ಹೋಗಬೇಕೆಂದು ಮಗಳು ಹಟ ಹಿಡಿದಿರುವಳಂತೆ. "ಮನೆಯ ಗುಟ್ಟನ್ನು ಪರರ ಮುಂದೆ ಬಿಚ್ಚುವುದು ಗೃಹಸ್ಥನಿಗೆ ಯೋಗ್ಯವೇ? ಊರಿನ ಹಿರಿಯರು ನಾಲ್ವರು ಕುಳಿತು ತೀರ್ಮಾನಿಸಿದರೆ ಸಾಲದೇ?" ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಅವರೊಬ್ಬರದಲ್ಲ. ಅನೇಕ ಮನೆಗಳಲ್ಲಿ ಇದೇ ಪ್ರಶ್ನೆಯು ಬಾಗಿಲ ಹಿಂದೆ ನಿಂತಿರುವುದೆಂದು ಬಲ್ಲೆನಾದಕಾರಣ, ಈ ತಿಂಗಳು ಇದನ್ನೇ ವಿಚಾರಿಸಲು ಎತ್ತಿಕೊಂಡಿದ್ದೇನೆ.

ಉತ್ತರಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಸಬೇಕಾಗಿದೆ.

ಹದಿನೈದು ವರ್ಷಗಳಿಗೂ ಹಿಂದಿನ ಮಾತು. ನಾನು ಆಗ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಮದುವೆಯಾಗಿ ಹೋದ ಮನೆಯಿಂದ ಕೂಸನ್ನು ಕಟ್ಟಿಕೊಂಡು ಎರಡನೆಯ ಸಲ ತವರಿಗೆ ಬಂದಿದ್ದಳು. ಅರಳಿಯ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಮೇಷ್ಟರ ಮಾತಿಗೆ ಎರಡೂ ಕಡೆಯವರು ಬೆಲೆ ಕೊಡುವರೆಂದು ನನ್ನನ್ನು ಕರೆದು ಮಧ್ಯದಲ್ಲಿ ಕುಳ್ಳಿರಿಸಿದರು. ಹುಡುಗಿಯ ತಂದೆ ಮಾತನಾಡಿದನು, ಗಂಡ ಮಾತನಾಡಿದನು, ಮಾವ ಮಾತನಾಡಿದನು, ಎರಡು ಸಲ ಚಹ ಬಂದಿತು. ನಾವು ತಿಳಿದುಕೊಂಡ ವ್ಯಾಜ್ಯವು ಇಷ್ಟು: ಅತ್ತೆಯು ಸೊಸೆಯ ಒಡವೆಗಳನ್ನು ತೆಗೆದು ಬಚ್ಚಿಟ್ಟಿದ್ದಾಳೆ, ಸೊಸೆಯು ಅದಕ್ಕಾಗಿ ಅತ್ತೆಗೆ ಎದುರುತ್ತರ ಕೊಟ್ಟಿದ್ದಾಳೆ. ನಮ್ಮ ತೀರ್ಪೂ ಅಷ್ಟೇ ಸುಲಭವಾಗಿದ್ದಿತು. ಅತ್ತೆಯು ಒಡವೆಗಳನ್ನು ಎಲ್ಲರ ಎದುರಿಗೆ ಹಿಂದಿರುಗಿಸತಕ್ಕದ್ದು. ಸೊಸೆಯು ಹಿರಿಯರಿಗೆ ತಗ್ಗಿ ನಡೆಯತಕ್ಕದ್ದು. "ಹೊಂದಿಕೊಂಡು ಹೋಗಮ್ಮ, ಕಾಲವೇ ಎಲ್ಲವನ್ನೂ ಸರಿಪಡಿಸುತ್ತದೆ" ಎಂದು ನಾನು ಬುದ್ಧಿ ಹೇಳಿದೆನು. ಗಾದೆಯನ್ನೂ ಹೇಳಿದೆನು. ಎಲ್ಲರೂ ನಕ್ಕರು. ಅವಳು ಕೂಸನ್ನೆತ್ತಿಕೊಂಡು ಹೋದಳು.

ಮೂರು ತಿಂಗಳಾಗುವಷ್ಟರಲ್ಲಿ ಅವಳು ಮುರಿದ ಮಣಿಕಟ್ಟಿನೊಡನೆ ಹಿಂದಿರುಗಿದಳು. ನಾನು ನೋಡಲು ಹೋದಾಗ ಅವಳು ಅಳಲಿಲ್ಲ. "ಮೇಷ್ಟ್ರೇ, ನೀವೂ ಒಂದ್ ಮಾತು ನನ್ನ ಕೇಳ್ಲಿಲ್ವಲ್ಲ" ಎಂದಳು, ಅಷ್ಟೆ.

ಅನಂತರ ತಾಲ್ಲೂಕು ಪಟ್ಟಣದ ಒಂದು ಸಾಂತ್ವನ ಕೇಂದ್ರದವರು ಅವಳ ವಿಷಯವನ್ನು ಕೈಗೆತ್ತಿಕೊಂಡರು. ಅಲ್ಲಿಯ ಸಲಹೆಗಾರ್ತಿಯು ಮೊದಲು ಹುಡುಗಿಯೊಬ್ಬಳನ್ನೇ ಕುಳ್ಳಿರಿಸಿಕೊಂಡು, ತವರಿನವರನ್ನೂ ಹೊರಗೆ ಕಳುಹಿಸಿ, ಒಂದು ಗಂಟೆಯ ಕಾಲ ಕೇಳಿದಳು. ಇನ್ನೊಂದು ದಿನ ಅತ್ತೆಯನ್ನೂ ಹಾಗೆಯೇ ಬೇರೆಯಾಗಿ ಕೇಳಿದಳು. ಆಗ ಹೊರಬಿದ್ದ ಸಂಗತಿಯು ನಮ್ಮ ಪಂಚಾಯಿತಿಗೆ ಕನಸಿನಲ್ಲಿಯೂ ಹೊಳೆದಿರಲಿಲ್ಲ. ಗಂಡನು ಸಾಲ ಮಾಡಿ ಒಂದರ ಮೇಲೊಂದರಂತೆ ಮೂರು ಕೊಳವೆಬಾವಿಗಳನ್ನು ಕೊರೆಯಿಸಿದ್ದನು, ಮೂರೂ ಬತ್ತಿದ್ದವು. ಬಡ್ಡಿಯವರ ಕಾಟದಿಂದ ಕುಡಿತವನ್ನು ಹಿಡಿದಿದ್ದನು. ಸೊಸೆಯ ಒಡವೆಗಳು ಮಗನ ಕೈಗೆ ಸಿಕ್ಕಿದರೆ ಉಳಿಯಲಾರವೆಂದು ಅತ್ತೆಯೇ ಅವನ್ನು ಅಕ್ಕಿಯ ಮಡಕೆಯಲ್ಲಿ ಹುದುಗಿಸಿಟ್ಟಿದ್ದಳು. "ಮಗನ ಮಾನ ನಾಕ್ ಜನದ ಮುಂದೆ ಹೆಂಗ್ ತೆಗೀಲವ್ವ?" ಎಂದು ಆ ಮುದುಕಿ ಸಲಹೆಗಾರ್ತಿಯ ಮುಂದೆ ಹೇಳಿದಳಂತೆ. ನಾವು ನ್ಯಾಯವೆಂದು ತಿಳಿದು, ಆ ಒಡವೆಗಳನ್ನು ಮಡಕೆಯಿಂದ ತೆಗೆಯಿಸಿ ಅವನ ಕಣ್ಣೆದುರಿಗೇ ಇಟ್ಟುಬಿಟ್ಟಿದ್ದೆವು. ಅವನ್ನು ಕೊಡಲಾರೆನೆಂದು ತಡೆದಾಗ ಹುಡುಗಿಯ ಕೈ ಮುರಿಯಿತು. ಅವಳನ್ನು ಕಾಯುತ್ತಿದ್ದ ಒಂದೇ ಒಂದು ಜೀವವನ್ನು ನಾವು ಅಪರಾಧಿಯೆಂದು ಕರೆದಿದ್ದೆವು. ಆ ಮುರಿತದಲ್ಲಿ ನನ್ನ ಪಾಲೂ ಇರುವುದು.

ಊರಿನ ಹೆಸರನ್ನೂ ಜನರ ಗುರುತನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅವಳ ಒಪ್ಪಿಗೆಯನ್ನು ಪಡೆದೇ ಇಷ್ಟನ್ನು ಬರೆದಿರುವೆನು.

ಈಗ ವಾಚಕರ ಪ್ರಶ್ನೆಗೆ ಬರೋಣ. ಹಿರಿಯರ ಪಂಚಾಯಿತಿಗೂ ಇಂಥ ಕೇಂದ್ರಕ್ಕೂ ಏನು ಭೇದ? ಪದಗಳ ಅರ್ಥವನ್ನು ಬಿಡಿಸಿ ನೋಡುವುದು ನನ್ನಂಥ ಸಂಸ್ಕೃತದ ಮೇಷ್ಟರ ಚಾಳಿ, ಅದರಿಂದಲೇ ಆರಂಭಿಸುತ್ತೇನೆ. ಪಂಚಾಯಿತಿಯು ಮಾಡುವ ಕೆಲಸಕ್ಕೆ ಸಂಧಾನವೆಂದು ಹೆಸರು. ಸಂಧಾನವೆಂದರೆ ಕೂಡಿಸುವುದು. ಮುರಿದ ಎಲುಬನ್ನು ಕೂಡಿಸುವುದಕ್ಕೂ ಆಯುರ್ವೇದದಲ್ಲಿ ಇದೇ ಪದವನ್ನು ಬಳಸುವರು. ಕೇಂದ್ರಗಳಲ್ಲಿ ನಡೆಯುವ ಕೆಲಸಕ್ಕೆ ಕನ್ನಡದಲ್ಲಿ ಆಪ್ತ ಸಮಾಲೋಚನೆಯೆಂಬ ಹೆಸರು ರೂಢಿಗೆ ಬಂದಿದೆ. ಸಮಾಲೋಚನೆಯಲ್ಲಿರುವ ಧಾತುವಿಗೆ ನೋಡುವುದೆಂದು ಅರ್ಥ. ಚೆನ್ನಾಗಿ, ಸುತ್ತಲೂ ನೋಡುವುದೇ ಸಮಾಲೋಚನೆ. ನೋಡುವುದು ಮೊದಲು, ಕೂಡಿಸುವುದು ಆಮೇಲೆ. ಎಲ್ಲಿ ಮುರಿದಿದೆಯೆಂದು ನೋಡದೆ ಕಟ್ಟಿದ ಎಲುಬು ಸೊಟ್ಟಗೆ ಕೂಡುವುದೆಂಬುದನ್ನು ಹಳ್ಳಿಯ ನಾಟಿ ವೈದ್ಯನೂ ಬಲ್ಲನು. ನಾವು ಮಾಡಿದುದು ನೋಡದ ಸಂಧಾನ.

ಇನ್ನು ಆಪ್ತನೆಂದರೆ ಯಾರು? ನೆಂಟನೆಂದೋ ಗೆಳೆಯನೆಂದೋ ನಾವು ಸಾಮಾನ್ಯವಾಗಿ ಅರ್ಥ ಮಾಡುತ್ತೇವೆ. ನ್ಯಾಯಶಾಸ್ತ್ರದಲ್ಲಿ ಆ ಪದಕ್ಕೆ ಇನ್ನೂ ಕಟ್ಟುನಿಟ್ಟಾದ ಅರ್ಥವಿದೆ. ವಿಷಯವನ್ನು ಇದ್ದಂತೆ ಅರಿತು, ಇದ್ದಂತೆ ಹೇಳುವವನೇ ಆಪ್ತನು. ಅಂಥವನ ಮಾತನ್ನು ಮಾತ್ರವೇ ಶಬ್ದಪ್ರಮಾಣವೆಂದು ಒಪ್ಪುವರು. ಈ ಲಕ್ಷಣದಿಂದ ಅಳೆದರೆ ಕಟ್ಟೆಯ ಮೇಲೆ ಕುಳಿತ ನಾವು ಯಾರೂ ಆಪ್ತರಾಗಿರಲಿಲ್ಲ. ಒಬ್ಬನು ಹುಡುಗಿಯ ತಂದೆಗೆ ಸಾಲ ಕೊಟ್ಟವನು. ಇನ್ನೊಬ್ಬನು ಗಂಡಿನ ಕಡೆಗೆ ನೆಂಟನು. ನಾನೋ ಊರಿನಲ್ಲಿ ಒಳ್ಳೆಯವನೆನಿಸಿಕೊಳ್ಳಬೇಕೆಂಬವನು. ಎಲ್ಲರಿಗೂ ಬೇಕಾಗಿದ್ದುದು ಸಂಜೆಯೊಳಗೆ ಒಂದು ತೀರ್ಮಾನ.

ಊರಿನ ಹಿರಿಯರ ನ್ಯಾಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠವು ಸೋಮವಾರಗಳಂದು ಸೇರುವುದನ್ನು ಬಲ್ಲವರು ಬಹಳ ಮಂದಿ. ಆಸ್ತಿಯ ತಕರಾರುಗಳೂ ಸಂಸಾರದ ತೊಡಕುಗಳೂ ಅಲ್ಲಿಗೆ ಬರುತ್ತವೆ. ಜನರು ದೂರದಿಂದ ಬಸ್ಸು ಹತ್ತಿ ಹೋಗುವುದಕ್ಕೆ ಕಾರಣವೇನು? ತಮ್ಮ ಮಾತನ್ನು ಕೇಳುವವರೊಬ್ಬರು ಅಲ್ಲಿರುವರೆಂಬ ನಂಬಿಕೆ. ಆ ನಂಬಿಕೆಯೇ ಮೂಲಧನ. ಆದರೆ ಹಿರಿಯರ ಸಭೆಯ ಮುಂದೆ ಎಲ್ಲವನ್ನೂ ಹೇಳಲಾಗದ ಹೆಣ್ಣುಮಕ್ಕಳಿರುವರು. ಹೇಳಲಾಗದ ಗಂಡಸರೂ ಇರುವರು. ಅಂಥವರಿಗೆ ಬಾಗಿಲು ಮುಚ್ಚಿದ ಒಂದು ಕೋಣೆಯೂ ಅವಸರವಿಲ್ಲದ ಒಂದು ಕಿವಿಯೂ ಬೇಕು.

ಇಂಥ ಕೇಂದ್ರಗಳು ಹೇಗೆ ಕೆಲಸ ಮಾಡುವುವೆಂಬುದನ್ನು ತಿಳಿದರೆ ಅರ್ಧ ಭಯವು ನೀಗುವುದು. ಬಂದವರನ್ನು ಮೊದಲು ಒಬ್ಬರನ್ನೇ ಕುಳ್ಳಿರಿಸಿ ಕೇಳುವರು. ಕೇಳಿದುದನ್ನು ಗುಟ್ಟಾಗಿ ಬರೆದಿಡುವರು. "ನಿನಗೆ ಏನಾಗಬೇಕೆಂದು ಅನ್ನಿಸುತ್ತದೆ?" ಎಂದು ಅವರನ್ನೇ ವಿಚಾರಿಸುವರು. ಪ್ರಾಣಕ್ಕೆ ಅಪಾಯವುಂಟೇ, ಮಕ್ಕಳು ಎಲ್ಲಿರುವರು, ಮೈಮೇಲೆ ಗಾಯವಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸುವರು. ಅಪಾಯವಿದ್ದಲ್ಲಿ ಸಲಹೆಯನ್ನು ಬದಿಗಿಟ್ಟು ವೈದ್ಯರಿಗೂ ಪೊಲೀಸರಿಗೂ ತಿಳಿಸಿ, ತಂಗಲು ಒಂದು ಸ್ಥಳವನ್ನು ಹುಡುಕುವರು. ಹಾಗಿಲ್ಲದಿದ್ದಲ್ಲಿ ಎದುರು ಪಕ್ಷದವರಿಗೆ ಪತ್ರವನ್ನು ಬರೆದು ಕರೆಯುವರು. ಸ್ವಯಂಸೇವಾ ಸಂಸ್ಥೆಗೆ ಯಾರನ್ನೂ ಬಲಾತ್ಕಾರದಿಂದ ಕರೆಯಿಸುವ ಅಧಿಕಾರವಿಲ್ಲ. ಬಂದವರನ್ನು ಅಷ್ಟೇ ಗೌರವದಿಂದ ಬೇರೆಯಾಗಿ ಕೇಳುವರು. ಎಲ್ಲರನ್ನೂ ಕೇಳಿಯಾದ ಮೇಲೆ ಮಾತ್ರ ಒಟ್ಟಿಗೆ ಕುಳ್ಳಿರಿಸುವುದು. ಒಪ್ಪಂದವಾದರೆ ಬರೆದು ಇಬ್ಬರಿಗೂ ಪ್ರತಿ ಕೊಡುವರು. ಕೆಲವು ವಾರಗಳಾದ ಮೇಲೆ ಮನೆಗೆ ಹೋಗಿ ನೋಡಿಬರುವರು. ನಮ್ಮ ಕಟ್ಟೆಯ ಪಂಚಾಯಿತಿಗೂ ಇದಕ್ಕೂ ಇರುವ ಭೇದವೆಲ್ಲ ಈ ಮೊದಲನೆಯ ಮೆಟ್ಟಿಲಿನಲ್ಲಿಯೂ ಕೊನೆಯ ಮೆಟ್ಟಿಲಿನಲ್ಲಿಯೂ ಇದೆ. ನಾವು ಬೇರೆಯಾಗಿ ಕೇಳಲೂ ಇಲ್ಲ, ಆಮೇಲೆ ಹೋಗಿ ನೋಡಲೂ ಇಲ್ಲ.

ಈ ಏರ್ಪಾಡು ಆಕಾಶದಿಂದ ಉದುರಿದುದಲ್ಲ. ಇಂಗ್ಲೆಂಡಿನಲ್ಲಿ 1938ರಲ್ಲಿಯೇ ದಾಂಪತ್ಯ ಮಾರ್ಗದರ್ಶನಕ್ಕೆಂದು ಒಂದು ಧರ್ಮಾರ್ಥ ಸಂಸ್ಥೆಯು ಹುಟ್ಟಿ ಸ್ವಯಂಸೇವಕರ ಬಲದಿಂದ ಬೆಳೆಯಿತು. ಮುಂದೆ ರಿಲೇಟ್ ಎಂದು ಪ್ರಸಿದ್ಧವಾದುದು ಅದೇ. ನಮ್ಮ ದೇಶದಲ್ಲಿ ಈ ಮಾರ್ಗವನ್ನು ತೆರೆದವರಲ್ಲಿ ದುರ್ಗಾಬಾಯಿ ದೇಶಮುಖರ ಹೆಸರು ಸ್ಮರಣೀಯವಾದುದು. ಎಂಟನೆಯ ವಯಸ್ಸಿನಲ್ಲಿ ವಿವಾಹವಾಗಿ, ತಿಳಿವು ಬಂದ ಮೇಲೆ ಆ ಸಂಬಂಧವನ್ನು ಬಿಟ್ಟು ಓದಿ ವಕೀಲೆಯಾದವರು ಅವರು. ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದವರು. 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಚೀನಾ ದೇಶಕ್ಕೆ ಹೋಗಿ ಅಲ್ಲಿಯ ಕುಟುಂಬ ನ್ಯಾಯಾಲಯಗಳನ್ನು ಕಂಡುಬಂದು, ನಮ್ಮಲ್ಲಿಯೂ ಅಂಥವು ಬೇಕೆಂದು ಪ್ರಧಾನಿ ನೆಹರೂರವರಲ್ಲಿ ವಾದಿಸಿದರು. ಅವರು 1981ರಲ್ಲಿ ಕಾಲವಾದರು. ಕುಟುಂಬ ನ್ಯಾಯಾಲಯಗಳ ಕಾಯಿದೆಯು 1984ರಲ್ಲಿ ಬಂದಿತು. ಅವರು ಕಟ್ಟಿದ ಮಂಡಳಿಯು 1983ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಧನಸಹಾಯವಿತ್ತು ಕುಟುಂಬ ಸಲಹಾ ಕೇಂದ್ರಗಳನ್ನು ತೆರೆಯುವ ಯೋಜನೆಯನ್ನು ಆರಂಭಿಸಿತು.

1984ರ ಆ ಕಾಯಿದೆಯಲ್ಲಿ ಗೃಹಸ್ಥರು ಗಮನಿಸಬೇಕಾದ ಎರಡು ಮಾತುಗಳಿವೆ. ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸತಕ್ಕದ್ದು. ಅದಕ್ಕಾಗಿ ಸಲಹೆಗಾರರ ಮತ್ತು ಸಮಾಜಸೇವಾ ಸಂಸ್ಥೆಗಳ ನೆರವನ್ನು ಪಡೆಯಬಹುದು. ಮತ್ತೊಂದು, ಅಲ್ಲಿ ವಕೀಲರ ಮೂಲಕವೇ ವಾದಿಸುವುದು ಪಕ್ಷಗಾರರ ಹಕ್ಕಲ್ಲ. ಗಂಡಹೆಂಡಿರು ತಮ್ಮ ಮಾತನ್ನು ತಾವೇ ಹೇಳಲಿ ಎಂಬುದು ಅದರ ತಾತ್ಪರ್ಯ.

ಕರ್ನಾಟಕದಲ್ಲಿ 1999ರಲ್ಲಿ ಬೆಂಗಳೂರಿನ ಪೊಲೀಸರ ಆಶ್ರಯದಲ್ಲಿ ವನಿತಾ ಸಹಾಯವಾಣಿಯು ಆರಂಭವಾಯಿತು. ಅಲ್ಲಿ ಸಲಹೆಯ ಕೆಲಸವನ್ನು ವಹಿಸಿಕೊಂಡಿದ್ದುದು ಪರಿಹಾರ್ ಎಂಬ ಸ್ವಯಂಸೇವಾ ಸಂಸ್ಥೆ. ಠಾಣೆಗೆ ಹೋಗಲು ಅಂಜುವವರು ಸಲಹೆಗಾರ್ತಿಯ ಮೇಜಿನ ಮುಂದೆ ಕುಳಿತು ಮಾತನಾಡುವಂತಾಯಿತು. ಅದರ ಮುಂದಿನ ವರ್ಷ, ಎಂದರೆ 2000-01ರಲ್ಲಿ, ರಾಜ್ಯ ಸರಕಾರವು ಸಾಂತ್ವನವೆಂಬ ಯೋಜನೆಯನ್ನು ತಂದು, ಜಿಲ್ಲೆ ತಾಲ್ಲೂಕುಗಳ ಸ್ವಯಂಸೇವಾ ಸಂಸ್ಥೆಗಳ ಕೈಯಿಂದಲೇ ಕೇಂದ್ರಗಳನ್ನು ನಡೆಸಿಸಿತು. ನನ್ನ ಶಿಷ್ಯೆಗೆ ನೆರವಾದುದು ಅಂಥದೊಂದು ಕೇಂದ್ರವೇ. 2015ರಿಂದ ಕೇಂದ್ರ ಸರಕಾರದ ಸಖಿ ಕೇಂದ್ರಗಳು ಜಿಲ್ಲೆಗಳಲ್ಲಿ ಬಂದಿವೆ. ವೈದ್ಯ, ಪೊಲೀಸು, ವಕೀಲರ ಸಹಾಯ, ಸಲಹೆ, ಕೆಲವು ದಿನಗಳ ವಸತಿ ಇವೆಲ್ಲ ಒಂದೇ ಕಡೆ ದೊರೆಯಲಿ ಎಂಬುದು ಅವುಗಳ ಉದ್ದೇಶ. ಸಪ್ತಪದಿಯ ಏಳನೆಯ ಹೆಜ್ಜೆಯನ್ನು ಸಖ್ಯಕ್ಕಾಗಿ ಇಡುವರೆಂಬುದು ಸರ್ವವಿದಿತವಷ್ಟೆ. ಇಟ್ಟ ಹೆಜ್ಜೆಯನ್ನು ಮರೆತ ಮನೆಯಿಂದ ಹೊರಬಿದ್ದವಳಿಗೆ ಸಖಿಯೆಂಬ ಹೆಸರಿನ ಬಾಗಿಲೊಂದು ಕಾಣುವುದು ಅರ್ಥವತ್ತಾಗಿಯೇ ಇದೆ.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕು. ಕೇಂದ್ರಕ್ಕೆ ಹೋದರೆ ಸಂಸಾರವು ಕೂಡಿಯೇ ಕೂಡುವುದೆಂದು ಕೆಲವರು ತಿಳಿಯುವರು. ಮನೆ ಒಡೆಯುವುದಕ್ಕೇ ಕೇಂದ್ರಗಳಿರುವುದೆಂದು ಇನ್ನು ಕೆಲವರು ತಿಳಿಯುವರು. ಎರಡೂ ತಪ್ಪು. ಒಬ್ಬರ ಮೌನದಿಂದ ಕೊಂಡ ಶಾಂತಿಯು ಮನೆಯ ಶಾಂತಿಯಲ್ಲವೆಂಬುದೇ ಒಳ್ಳೆಯ ಕೇಂದ್ರದ ಮೂಲತತ್ತ್ವ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ಅದರ ನಿಯಮಗಳಲ್ಲಿ ನ್ಯಾಯಾಲಯವು ನೇಮಿಸುವ ಸಲಹೆಗಾರರಿಗೆ ಸ್ಪಷ್ಟವಾದ ಕಟ್ಟಳೆಗಳಿವೆ. ಹೊಡೆದವನು ತನ್ನ ಹೊಡೆತಕ್ಕೆ ಸಮರ್ಥನೆಯನ್ನು ಹೇಳಲು ಸಲಹೆಯ ಸಭೆಯಲ್ಲಿ ಅವಕಾಶವೇ ಇಲ್ಲ. ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂಬ ಮಾತನ್ನು ಅವನಿಂದ ಪಡೆಯತಕ್ಕದ್ದು. ಎರಡು ಪಕ್ಷಗಳಲ್ಲಿ ಯಾವುದಕ್ಕಾದರೂ ನೆಂಟರಾದವರು ಸಲಹೆಗಾರರಾಗಕೂಡದು. "ಅವಳು ಎದುರು ಮಾತನಾಡಿದಳು, ಅದಕ್ಕೆ ಕೈಯೆತ್ತಿದೆ" ಎಂಬ ಮಾತನ್ನು ನಾವು ಕಟ್ಟೆಯ ಮೇಲೆ ತಲೆಯಾಡಿಸುತ್ತ ಕೇಳಿದ್ದೆವು. ಕಾನೂನು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಹರಿಯಬ್ಬೆಯಂಥ ಗಡಿಸೀಮೆಯ ಊರುಗಳವರಿಗೆ ಉಪಯುಕ್ತವಾದ ಇನ್ನೊಂದು ಅಂಶವು ಆ ಕಾಯಿದೆಯಲ್ಲಿದೆ. ಹಿರಿಯೂರು ತಾಲ್ಲೂಕಿನ ಈ ಮೂಲೆಯಿಂದ ಆಂಧ್ರದ ಮಡಕಶಿರಾ, ಅಮರಾಪುರದ ಕಡೆಗೆ ಹೆಣ್ಣು ಕೊಡುವುದೂ ತರುವುದೂ ಹಿಂದಿನಿಂದ ನಡೆದುಬಂದಿದೆ. ಅಲ್ಲಿ ನೊಂದು ತವರಿಗೆ ಬಂದ ಮಗಳು ಅಲ್ಲಿಯ ನ್ಯಾಯಾಲಯಕ್ಕೇ ಅಲೆಯಬೇಕೆಂದು ತಂದೆತಾಯಿಗಳು ಅಂಜುವರು. ಹಾಗೇನೂ ಇಲ್ಲ. ನೊಂದವಳು ತಾತ್ಕಾಲಿಕವಾಗಿಯಾದರೂ ಎಲ್ಲಿ ವಾಸವಾಗಿರುವಳೋ ಅಲ್ಲಿಯ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಕೊಡಬಹುದು. ಅವರ ಆಜ್ಞೆಯು ಭಾರತದಲ್ಲೆಲ್ಲ ನಡೆಯುವುದು. ಮನೆಯು ಗಂಡನ ಅಥವಾ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ, ತಾನು ಬಾಳಿದ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಆ ಕಾಯಿದೆಯು ಅವಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಊರಿನ ಅಂಗನವಾಡಿಯಲ್ಲಿ ವಿಚಾರಿಸಿದರೆ ಅವರ ಕಚೇರಿಯ ದಾರಿ ತಿಳಿಯುವುದು. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯಂತೆ ಹೆಣ್ಣುಮಕ್ಕಳು, ವರಮಾನವೆಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು.

ಜಗಳದ ಮೂಲವು ಎಷ್ಟೋ ಸಲ ಮನೆಯ ಹೊರಗಿರುವುದೆಂಬುದನ್ನೂ ಮರೆಯಬಾರದು. ನಮ್ಮದು ಮಳೆಯನ್ನು ಕಾಯುವ ಸೀಮೆ. ಮಾರಿಕಣಿವೆಯ ವಾಣಿವಿಲಾಸ ಸಾಗರವೇ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು 2022ರಲ್ಲಿ. ಒಣಬೇಸಾಯದ ರೈತನ ಪಾಡನ್ನು ಇದರಿಂದ ಊಹಿಸಬಹುದು. ಶೇಂಗಾ ಕೈಕೊಟ್ಟು ಕೊಳವೆಬಾವಿ ಬತ್ತಿದ ಮನೆಯಲ್ಲಿ ಸಾಲವು ಒಳಗೆ ಬರುವುದು. ಸಾಲದ ಬೆನ್ನಿಗೆ ಹೆಂಡ ಬರುವುದು. ಹೆಂಡದ ಬೆನ್ನಿಗೆ ಹೊಡೆತ ಬರುವುದು. ಇದರಿಂದ ಹೊಡೆತಕ್ಕೆ ಕ್ಷಮೆ ಸಿಕ್ಕಿತೆಂದಲ್ಲ. ಆದರೆ ಮೂಲವನ್ನು ಮುಟ್ಟದ ಬುದ್ಧಿವಾದವು ನೀರಿನ ಮೇಲಿನ ಬರಹ. ಒಳ್ಳೆಯ ಸಲಹೆಗಾರ್ತಿಯು ಗಂಡನ ಸಾಲದ ಚೀಟಿಯನ್ನೂ ಕೇಳಿ ನೋಡುವಳು. ಕುಡಿತಕ್ಕೆ ಚಿಕಿತ್ಸೆಯನ್ನು ಹುಡುಕುವಳು. ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯ ಮೂಲಕ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸಿ ಪರಸ್ಪರ ಕಾಯುವಂತೆ ಮಾಡಿರುವುದು ಅದರ ವಿಶೇಷ. ಬಿಡಿಸುವುದಕ್ಕಿಂತ ಬಿಟ್ಟುದನ್ನು ಉಳಿಸುವುದೇ ಕಷ್ಟವೆಂಬ ಅನುಭವದಿಂದ ಹುಟ್ಟಿದ ಏರ್ಪಾಡು ಅದು.

ಕೇಂದ್ರಗಳಲ್ಲಿ ದೋಷಗಳೇ ಇಲ್ಲವೆಂದು ನಾನು ಹೇಳಲಾರೆ. ದುಡಿಯುವವರು ಕೆಲವರು, ಬರುವ ಮನೆಗಳು ಹಲವು. ಅವಸರದಲ್ಲಿ ಒಪ್ಪಂದ ಬರೆಯಿಸಿ ಕಳುಹಿಸುವವರೂ ಇದ್ದಾರು. "ಎಷ್ಟು ಸಂಸಾರಗಳನ್ನು ಕೂಡಿಸಿದೆವು" ಎಂಬ ಲೆಕ್ಕವನ್ನೇ ಕೀರ್ತಿಯೆಂದು ತಿಳಿದವರೂ ಇದ್ದಾರು. ಆದಕಾರಣ ಗೃಹಸ್ಥರು ಕೇಂದ್ರವನ್ನು ಪರೀಕ್ಷಿಸುವುದು ತಪ್ಪಲ್ಲ. ನಿಮ್ಮ ಮಗಳನ್ನು ಒಬ್ಬಳನ್ನೇ ಕುಳ್ಳಿರಿಸಿ ಕೇಳಿದರೇ? ಗುಟ್ಟನ್ನು ಕಾಯುವರೇ? ಅವಳ ಇಷ್ಟವನ್ನು ವಿಚಾರಿಸಿದರೇ? ಒಪ್ಪಂದದ ತರುವಾಯ ನೋಡಲು ಬರುವರೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಅಲ್ಲಿ ಆಪ್ತರಿರುವರೆಂದು ತಿಳಿಯಬಹುದು.

ಮನೆಯ ಹಿರಿಯರ ಕರ್ತವ್ಯವೇನೆಂದು ಕೇಳಿದರೆ, ನನ್ನ ತಪ್ಪಿನಿಂದ ಕಲಿತುದನ್ನು ಮಾತ್ರ ಹೇಳಬಲ್ಲೆ. ಮಗಳು ತವರಿಗೆ ಬಂದಾಗ "ಯಾವಾಗ ಹಿಂದಿರುಗುವೆ?" ಎಂಬುದನ್ನು ಮೊದಲನೆಯ ಪ್ರಶ್ನೆ ಮಾಡಬೇಡಿರಿ. ಊಟವಿಕ್ಕಿ, ಮಲಗಲು ಬಿಟ್ಟು, ಮರುದಿನ ತಾಯಿಯೊಬ್ಬಳೇ ಬಳಿಯಲ್ಲಿ ಕುಳಿತು ಕೇಳಲಿ. ಸೊಸೆಯು ಮೌನವಾಗಿದ್ದರೆ ಸುಖವಾಗಿರುವಳೆಂದು ಅತ್ತೆಮಾವಂದಿರು ತಿಳಿಯಬಾರದು. ಮಗನು ತಪ್ಪು ಮಾಡಿದರೆ ಮಾನಕ್ಕಂಜಿ ಮುಚ್ಚಿಡಬಾರದು. ಮುಚ್ಚಿಟ್ಟ ತಪ್ಪಿನ ಬಡ್ಡಿಯನ್ನು ಮೊಮ್ಮಕ್ಕಳು ತೆರುವರು. ಗಂಡಸರಿಗೂ ಒಂದು ಮಾತು: ಸೋತೆನೆಂದು ಒಬ್ಬರ ಮುಂದೆ ಹೇಳಿಕೊಳ್ಳುವುದು ಹೇಡಿತನವಲ್ಲ. ಸಾಲದ ಭಾರವನ್ನು ಬಾಯಿಬಿಟ್ಟು ಹೇಳದವನೇ ಅದನ್ನು ಹೆಂಡತಿಯ ಬೆನ್ನಿನ ಮೇಲೆ ಇಳಿಸುವನು. ಹೆಣ್ಣುಮಕ್ಕಳ ಸಹಾಯವಾಣಿ 181, ಉಚಿತ ಕಾನೂನು ನೆರವಿನ 15100, ಮನಸ್ಸಿನ ಬೇಗುದಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ಮಕ್ಕಳಿಗಾಗಿ 1098, ಈ ನಾಲ್ಕು ಅಂಕಿಗಳನ್ನು ಪಂಚಾಂಗ ತೂಗುಹಾಕುವ ಗೋಡೆಯ ಮೇಲೆ ಬರೆದಿಡಿರಿ. ಬಳಸುವ ಕಾಲವು ಬಾರದಿರಲಿ, ಬಂದರೆ ಹುಡುಕುವಂತಾಗದಿರಲಿ.

ನನ್ನ ಶಿಷ್ಯೆಯ ಕಥೆಯು ಎಲ್ಲಿಗೆ ಮುಟ್ಟಿತೆಂದು ವಾಚಕರು ಕೇಳಬಹುದು. ಅದು ಹಬ್ಬದೂಟದಂತೆ ಮುಗಿಯಲಿಲ್ಲ. ಎರಡು ಪತ್ರಗಳಿಗೆ ಬಾರದ ಗಂಡನು ಮೂರನೆಯದಕ್ಕೆ ಬಂದನು. ಶಿಬಿರಕ್ಕೆ ಹೋಗಿ ಒಂದು ವರ್ಷ ಕುಡಿತವನ್ನು ಬಿಟ್ಟಿದ್ದನು, ಆಮೇಲೆ ಜಾರಿದನು, ಮತ್ತೆ ಬಿಟ್ಟನೆಂದು ಕೇಳಿದ್ದೇನೆ. ಅವಳು ಹಿಂದಿರುಗಲಿಲ್ಲ. ಯಾರೂ ಅವಳನ್ನು ಹಿಂದಿರುಗೆಂದು ಒತ್ತಾಯಿಸಲೂ ಇಲ್ಲ. ತವರೂರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟವನ್ನು ಬೇಯಿಸುತ್ತ ಮಗನನ್ನು ಓದಿಸಿದಳು. ಮಳೆ ಬರುವ ಮೊದಲು ಆ ಮಣಿಕಟ್ಟು ನೋಯುವುದಂತೆ.

ಯುಗಾದಿ ಕಳೆದ ಮೇಲೆ ಅತ್ತೆಯು ಬರುವಳು. ಬಸ್ಸಿಳಿದು, ಸೆರಗಿನಲ್ಲಿ ಮೊಮ್ಮಗನಿಗೆ ಏನನ್ನೋ ಕಟ್ಟಿಕೊಂಡು ನಿಧಾನವಾಗಿ ನಡೆದುಬರುವಳು. ಎರಡು ದಿನ ಸೊಸೆಯ ಕೈಯಡುಗೆಯನ್ನು ಉಂಡು ಹೋಗುವಳು. ಕಾನೂನಿನ ಯಾವ ಕಾಗದದಲ್ಲಿಯೂ ಈ ಬಾಂಧವ್ಯಕ್ಕೆ ಹೆಸರಿಲ್ಲ. ನಮ್ಮ ಪಂಚಾಯಿತಿಯು ವೈರವೆಂದು ಬರೆದುಕೊಂಡುದನ್ನು, ಯಾರೋ ಒಬ್ಬ ಹೆಣ್ಣುಮಗಳು ಬಾಗಿಲು ಮುಚ್ಚಿ ಕುಳಿತು ಕೇಳಿದಕಾರಣ, ಅದು ವೈರವಲ್ಲವೆಂದು ತಿಳಿದುಬಂದಿತು.

ಪತ್ರ ಬರೆದ ಮಹನೀಯರಿಗೆ ನನ್ನ ಉತ್ತರವು ಇಷ್ಟೇ. ಮಗಳು ಕೇಂದ್ರಕ್ಕೆ ಹೋಗುವೆನೆಂದರೆ ಹೋಗಗೊಡಿರಿ. ಬಸ್ಸಿನ ತನಕ ನೀವೂ ಜೊತೆಗೆ ನಡೆಯಿರಿ. ಒಳಗೆ ಅವಳು ಮಾತನಾಡುವಾಗ ಮಾತ್ರ ಹೊರಗಿನ ಬೆಂಚಿನ ಮೇಲೆ ಕುಳಿತಿರಿ.